ಸರದಿ ಕಾಯುವ ಕೋಲಾಟ: ಮಕ್ಕಳ ಅನಿಮೇಷನ್‌ನಲ್ಲಿ ತಾಳವೂ ಜಾರುತ್ತಿದೆ, ಕಾಲೂ ಜಾರುತ್ತಿದೆ

ಗದ್ದೆಬದಿ ಕೇಳಿದ್ದು:

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ, ಮುಖ್ಯವಾಗಿ ಪೊನ್ನಂಪೇಟೆ, ಗೋಣಿಕೊಪ್ಪ ಕಡೆಯ ಅಂಗನವಾಡಿಗಳಲ್ಲಿ ತೋರಿಸಲು ಎರಡು ನಿಮಿಷದ ಅನಿಮೇಷನ್ ಕುಣಿತದ ಕಥೆ ತಯಾರಾಗುತ್ತಿದೆ. ಹೇಳಬೇಕಾದ ವಿಷಯ ಒಂದೇ, ಸರದಿ ಬರುವವರೆಗೆ ಕಾಯುವುದು. ಹಿನ್ನೆಲೆ ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಕೋಲಾಟ, ಅದು ನಡೆಯುವ ಊರ ಬಯಲು ಮಂದ್. ಬೊಳ್ಳು ಎಂಬ ಹುಡುಗಿ ಅವಸರಪಟ್ಟು ಮೊದಲೇ ಕೋಲು ಬೀಸುತ್ತಾಳೆ, ಎಲ್ಲರ ತಾಳ ಕೆಡುತ್ತದೆ, ಕೊನೆಗೆ ಅಜ್ಜ ಪಕ್ಕದಲ್ಲಿ ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ.

ಕಾರ್ಡ್‌ಶೀಟ್ ಕತ್ತರಿಸಿ ಮಾಡಿದ ಗೊಂಬೆಗಳು, ಮೇಲಿನಿಂದ ನೋಡುವ ಮೊಬೈಲ್, ಒಂದೊಂದೇ ಫೋಟೊ ಜೋಡಿಸಿ ಚಲನೆ ಮಾಡುವ ಸ್ಟಾಪ್ ಮೋಷನ್ ಆ್ಯಪ್, ಸೆಕೆಂಡಿಗೆ 12 ಫ್ರೇಮ್, ಅಂದರೆ 12 ಫೋಟೊ. ಹಾಡು ನಿಮಿಷಕ್ಕೆ 100 ಪೆಟ್ಟಿನ ವೇಗದ್ದು.

ಈಗಿನ ತೊಂದರೆಗಳು: ಮೊದಲ ಹತ್ತು ಸೆಕೆಂಡ್ ತಾಳ ಸರಿ ಇರುತ್ತದೆ, ಅರ್ಧ ನಿಮಿಷ ದಾಟುವಾಗ ಕೋಲು ತಾಗಿ ಎಷ್ಟೋ ಹೊತ್ತಿನ ಮೇಲೆ ಸದ್ದು ಬರುತ್ತದೆ. ಗೊಂಬೆ ಬಗ್ಗಿ ಏಳುವಾಗ ಪಾದ ಐಸ್ ಮೇಲೆ ಇದ್ದಂತೆ ಜಾರುತ್ತದೆ. ತೇವಕ್ಕೆ ಗೊಂಬೆಯ ಕೈಕಾಲು ಸುರುಳಿ ಸುತ್ತುತ್ತದೆ. ಚಿತ್ರದ ಬೆಳಕು ಒಂದೇ ಸಮನೆ ಇಲ್ಲ, ಮಿಣುಕುತ್ತದೆ. ಎಲ್ಲಕ್ಕಿಂತ ದೊಡ್ಡದು: ಮಾದರಿ ತೋರಿಸಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಯಾರೂ ಕುಣಿಯುವುದಿಲ್ಲ. ಕುಣಿಯಿರಿ ಎಂದರೆ ಬೊಳ್ಳು ತಪ್ಪಾಗಿ ಬೀಸುವುದನ್ನೇ ಅನುಕರಿಸಿ ನಗುತ್ತಾರೆ. ಗೊಂಬೆಗಳ ಉಡುಪಿನಲ್ಲಿ ತಪ್ಪಾಗಬಾರದು ಎಂಬ ಆತಂಕವೂ ಇದೆ. ಬಲ್ಲವರು ತಿದ್ದಿ.

ಫ್ರೇಮ್_ಹನ್ನೆರಡು:

ತಾಳ ಜಾರುತ್ತಿರುವುದು ಲೆಕ್ಕದ ತಪ್ಪಿನಿಂದ. ನಿಮ್ಮ ಕೈಯದ್ದೇನೂ ತಪ್ಪಿಲ್ಲ. ನಿಮಿಷಕ್ಕೆ 100 ಪೆಟ್ಟು ಅಂದರೆ ಒಂದು ಪೆಟ್ಟಿಗೆ 0.6 ಸೆಕೆಂಡ್, 12 ಫ್ರೇಮಿನ ಲೆಕ್ಕದಲ್ಲಿ 7.2 ಫ್ರೇಮ್. ಫ್ರೇಮಿನ ಐದನೇ ಒಂದು ಭಾಗವನ್ನು ಫೋಟೊ ತೆಗೆಯಲು ಬರುವುದಿಲ್ಲ, ಹಾಗಾಗಿ ಎಲ್ಲರೂ 7 ಫ್ರೇಮ್ ತೆಗೆದು ಮುಂದಕ್ಕೆ ಹೋಗುತ್ತಾರೆ. 60 ಪೆಟ್ಟು ಮುಗಿಯುವ ಹೊತ್ತಿಗೆ 12 ಫ್ರೇಮ್ ಕಮ್ಮಿಯಾಗಿ ಚಿತ್ರ ಪೂರ್ತಿ ಒಂದು ಸೆಕೆಂಡ್ ಮುಂದೆ ಓಡಿರುತ್ತದೆ. 60 ಪೆಟ್ಟು ಅಂದರೆ 36 ಸೆಕೆಂಡ್. ನೀವು ಹೇಳಿದ ‘ಅರ್ಧ ನಿಮಿಷ ದಾಟುವಾಗ’ ಅದೇ.

ಹಾಡು ರೆಕಾರ್ಡ್ ಮಾಡುವ ಮೊದಲೇ ಒಂದು ನಿಮಿಷದ ಒಟ್ಟು ಫ್ರೇಮ್, ಅಂದರೆ 720 ಅನ್ನು ಪೆಟ್ಟಿನ ವೇಗದಿಂದ ಭಾಗಿಸಿ ನೋಡಿ. ಶೇಷ ಉಳಿಯಬಾರದು. 72ಕ್ಕೆ 10 ಫ್ರೇಮ್, 80ಕ್ಕೆ 9, 90ಕ್ಕೆ 8, 120ಕ್ಕೆ 6. ನನ್ನ ಆಯ್ಕೆ 90. ಎಂಟು ಫ್ರೇಮಾದರೆ ಅರ್ಧ ನಾಲ್ಕು, ಕಾಲು ಎರಡು, ಎಲ್ಲ ಪೂರ್ಣ ಸಂಖ್ಯೆ.

ಇನ್ನೊಂದು, ಕೋಲು ತಾಗುವ ಚಿತ್ರವನ್ನು ಸದ್ದಿಗಿಂತ ಒಂದು ಫ್ರೇಮ್ ಮೊದಲು ಇಟ್ಟು ಎರಡು ಫ್ರೇಮ್ ಹಾಗೇ ನಿಲ್ಲಿಸಿ. ಗದ್ದೆಯ ಆಚೆ ಬದಿಯಲ್ಲಿ ಯಾರೋ ಸೌದೆ ಒಡೆದರೆ ಕೊಡಲಿ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಕಣ್ಣಿಗೆ ಆ ಕ್ರಮ ಅಭ್ಯಾಸವಾಗಿದೆ. ಸದ್ದು ಮೊದಲು ಬಂದು ಕೋಲು ಆಮೇಲೆ ತಾಗಿದರೆ ಒಂದೇ ಫ್ರೇಮಿನ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಪಾದ ಜಾರುವುದಕ್ಕೆ ಕಾರಣ ನೀವು ಗೊಂಬೆಯನ್ನು ಅಲುಗಿಸುವ ಕ್ರಮ. ಸೊಂಟ ಹಿಡಿದು ಕೆಳಗೆ ಸರಿಸಿದರೆ ತೊಡೆ, ಮೊಣಕಾಲು, ಪಾದ ಎಲ್ಲ ಅದರ ಹಿಂದೆ ಸರಿಯುತ್ತವೆ. ಆಮೇಲೆ ಪಾದವನ್ನು ಕಣ್ಣಳತೆಯಲ್ಲಿ ಹಳೇ ಜಾಗಕ್ಕೆ ತಂದರೂ ಒಂದೆರಡು ಮಿಲಿಮೀಟರ್ ತಪ್ಪೇ ತಪ್ಪುತ್ತದೆ, 18 ಸೆಂಟಿಮೀಟರಿನ ಗೊಂಬೆಗೆ ಅಷ್ಟೇ ಸಾಕು. ಪಾದದ ಅಡಿಗೆ ಪೋಸ್ಟರ್ ಅಂಟಿಸುವ ಮಣ್ಣಿನಂಥ ಅಂಟನ್ನು ಕಾಳುಮೆಣಸಿನಷ್ಟು ಇಟ್ಟು ಹಿನ್ನೆಲೆಗೆ ಒತ್ತಿಬಿಡಿ. ಊರಿದ ಪಾದ ಎತ್ತುವವರೆಗೆ ಅಲುಗಬಾರದು. ಮೊದಲು ಮೊಣಕಾಲು ಮಡಿಸಿ, ಅದು ಎಳೆದಷ್ಟು ಸೊಂಟ ಇಳಿಯಲಿ, ಕೊನೆಗೆ ಎದೆ, ತಲೆ, ಕೈ. ಕಂಪ್ಯೂಟರಿನಲ್ಲಿ ಮಾಡುವವರು ಇದನ್ನೇ ಪಾದಕ್ಕೆ ಮೊಳೆ ಹೊಡೆದಂತೆ ಕಟ್ಟಿ ಮಾಡುತ್ತಾರೆ.

ಮಿಣುಕಿಗೆ ಕಾರಣ ಎರಡು. ಕಿಟಕಿ ಬೆಳಕಾದರೆ ಮೋಡ ಬಂದು ಹೋಗುತ್ತಿರುತ್ತದೆ, ಪರದೆ ಎಳೆದು ಎರಡು ದೀಪದಲ್ಲಿ ಕೆಲಸ ಮಾಡಿ. ದೀಪದ ಬೆಳಕಿನಲ್ಲೂ ಮಿಣುಕಿದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿ, ನಮ್ಮ ಕರೆಂಟು 50 ಹರ್ಟ್ಸಿನದು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಲಾಕ್ ಆಗಿರಬೇಕು. ಆಟೋದಲ್ಲಿ ಬಿಟ್ಟರೆ ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಟ್ಟ ಗೊಂಬೆ ಚೌಕಟ್ಟಿಗೆ ಬಂದಾಗಲೆಲ್ಲ ಮೊಬೈಲು ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದು ಕರೆಯ ವೈಬ್ರೇಶನ್ ಸಾಕು ಕೋನ ತಪ್ಪಲು. ಕ್ಲಿಕ್ ಮಾಡಲು ಪರದೆ ಮುಟ್ಟಬೇಡಿ, ಇಯರ್‌ಫೋನಿನ ವಾಲ್ಯೂಮ್ ಬಟನ್ ಬಳಸಿ.

ದುಡಿಪೆಟ್ಟು:

90ಕ್ಕೆ ನನ್ನ ತಕರಾರು ಇದೆ. ಫ್ರೇಮು ಎಣಿಸುವವರು ಮಾತ್ರೆ ಎಣಿಸುವುದಿಲ್ಲ.

ಮಕ್ಕಳು ಎಣಿಸುವುದು ‘ಒಂದು, ಎರಡು, ಮೂರು, ನಾಲ್ಕು’ ಅಂತ. ಪ್ರಸ್ತಾರ ಹಾಕಿ ನೋಡಿ. ಒಂದು: ಗುರು ಲಘು, ಮೂರು ಮಾತ್ರೆ. ಎರಡು: ಮೂರೂ ಲಘು, ಮೂರು ಮಾತ್ರೆ. ಮೂರು, ನಾಲ್ಕು ಎರಡೂ ಗುರು ಲಘು, ಮತ್ತೆ ಮೂರು. ಕನ್ನಡದ ನಾಲ್ಕು ಎಣಿಕೆಯೂ ಮೂರು ಮಾತ್ರೆಯ ನಡೆ. ಎಂಟು ಫ್ರೇಮನ್ನು ಮೂರರಿಂದ ಭಾಗಿಸಲು ಆಗುವುದಿಲ್ಲ. ತುಟಿ ಅಲುಗಿಸಬೇಕಾದ ಜಾಗದಲ್ಲಿ, ಕೈ ತಿರುವಬೇಕಾದ ಜಾಗದಲ್ಲಿ ಪ್ರತಿ ಸಲವೂ ಅರೆಬರೆ. ನಾಲ್ಕು ಮಾತ್ರೆಯ ಹಾಡಾದರೆ 90 ಚೆನ್ನ, ಒಪ್ಪಿದೆ. ಮೂರರದಾದರೆ 80 ಬೇಕು, ಮಾತ್ರೆಗೆ ಮೂರು ಫ್ರೇಮ್. ಆದರೆ 80ರಲ್ಲಿ ಅರ್ಧ ಪೆಟ್ಟು ನಾಲ್ಕೂವರೆ ಫ್ರೇಮ್, ಅಲ್ಲಿ ಕುಣಿತ ಕೆಡುತ್ತದೆ. ಜೊತೆಗೆ ಸಣ್ಣ ಮಕ್ಕಳಿಗೆ ನಿಧಾನದ ತಾಳ ಹಿಡಿಯುವುದೇ ಕಷ್ಟ, ಅವರ ಕಾಲು ತಾನಾಗಿ ಓಡುತ್ತದೆ.

ಆದ್ದರಿಂದ 120. ಪೆಟ್ಟಿಗೆ ಆರು ಫ್ರೇಮ್, ಎರಡರಿಂದಲೂ ಮೂರರಿಂದಲೂ ಭಾಗವಾಗುತ್ತದೆ. ಎಣಿಕೆಯನ್ನು ಮಾತ್ರ ಎರಡು ಪೆಟ್ಟಿಗೆ ಒಂದರಂತೆ ಇಡಿ. ಅರ್ಧ ಸೆಕೆಂಡಿನಲ್ಲಿ ‘ಎರಡು’ ಎನ್ನಲು ಹೋದರೆ ನಾಲ್ಕು ವರ್ಷದ ಮಗುವಿನ ಬಾಯಲ್ಲಿ ‘ಎಡು’ ಆಗುತ್ತದೆ. ಒಂದು, ತಟ್ಟು, ಎರಡು, ತಟ್ಟು, ಮೂರು, ತಟ್ಟು, ಟಕ್, ಸುಮ್ಮನೆ. ಎಂಟು ಪೆಟ್ಟು, ನಾಲ್ಕು ಸೆಕೆಂಡ್.

ದುಡಿ, ಅಂದರೆ ಕೊಡವರ ಸಣ್ಣ ಚರ್ಮವಾದ್ಯದ ರೆಕಾರ್ಡಿಂಗ್ ಬಗ್ಗೆ. ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತಾ ಹಾಡುವ ಹಾಡು) ಹಾಡುವಲ್ಲಿ ಹೋಗಿ ಮೊಬೈಲಿನಲ್ಲಿ ಹಿಡಿದು ತಂದದ್ದನ್ನು ನೇರ ಬಳಸಬೇಡಿ. ಹಾಡು ಏರಿದಂತೆ ನಡೆಯೂ ಏರುತ್ತದೆ, ಏರಬೇಕು, ಅದೇ ಅದರ ಚೆಂದ. ಫ್ರೇಮಿನ ಲೆಕ್ಕಕ್ಕೆ ಮಾತ್ರ ಅದು ಸಿಗುವುದಿಲ್ಲ. ಬಾರಿಸುವವರ ಒಂದು ಕಿವಿಗೆ ಇಯರ್‌ಫೋನಿನಲ್ಲಿ 120ರ ಮೆಟ್ರೊನೋಮ್ (ಒಂದೇ ಸಮನೆ ತಾಳ ಬಡಿಯುವ ಸದ್ದು) ಕೊಟ್ಟು ಎಂಟೆಂಟು ಪೆಟ್ಟಿನ ತುಂಡುಗಳನ್ನು ನಾಲ್ಕೈದು ಸಲ ಬಾರಿಸಲು ಹೇಳಿ, ಒಳ್ಳೆಯದನ್ನು ಆರಿಸಿಕೊಳ್ಳಿ. ಹಳೇ ರೆಕಾರ್ಡಿಂಗೇ ಬೇಕು ಎಂದಾದರೆ ಸದ್ದು ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಹಾಕಿ, ಓಡುತ್ತಿರುವಾಗಲೇ ಪ್ರತಿ ಪೆಟ್ಟಿಗೂ ಕಂಟ್ರೋಲ್ ಎಂ ಒತ್ತಿ ಗುರುತು ಇಟ್ಟು, ಆ ಗುರುತುಗಳಿಗೆ ಸರಿಯಾಗಿ ಫ್ರೇಮ್ ಹಂಚಬೇಕು. ಆಗುತ್ತದೆ, ಆದರೆ ಒಂದು ಕುಣಿತದ ಫ್ರೇಮುಗಳನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವ ಸೌಲಭ್ಯ ಹೋಗುತ್ತದೆ.

ಫೈಲನ್ನು ವೇವ್ ರೂಪದಲ್ಲೇ ಇಡಿ. ಎಂಪಿ3 ಮಾಡಿದರೆ ತಲೆಯಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ, ಅದನ್ನೇ ಸುತ್ತಿ ಸುತ್ತಿ ಬಳಸಿದರೆ ಪ್ರತಿ ಸುತ್ತಿಗೂ ಒಂದು ಮುಗ್ಗರಿಕೆ. ಆಷಾಢದಲ್ಲಿ ಶೀಟಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಇಟ್ಟುಕೊಳ್ಳಬೇಡಿ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಹಾಡಿನ ಶ್ರುತಿ ಎರಡಕ್ಕೆ ಇಟ್ಟು, ಷಡ್ಜದಿಂದ ಪಂಚಮದೊಳಗೆ ಮುಗಿಸಿ. ಗಂಡಸರ ಮಂದ್ರದಲ್ಲಿ ಹಾಡಿಸಿದರೆ ಮಕ್ಕಳು ಜೊತೆ ಸೇರಿಸುವುದಿಲ್ಲ, ಕೂಗುತ್ತಾರೆ.

ಅಂಗಳದ_ಅಕ್ಕ:

ಮಕ್ಕಳು ಯಾಕೆ ಕುಣಿಯಲ್ಲ ಅನ್ನೋ ಪ್ರಶ್ನೆಗೆ ಬರ್ತೀನಿ. ನಿಮ್ಮ ಕಥೆಯಲ್ಲಿ ಕುಣಿಯೋಕೆ ಜಾಗವೇ ಇಲ್ಲ ಅನ್ಸುತ್ತೆ. ಎರಡು ನಿಮಿಷದಲ್ಲಿ ಮಂದ್, ಜಗಳ, ಅಜ್ಜ, ಬುದ್ಧಿಮಾತು ಎಲ್ಲ ತುಂಬಿದ್ರೆ ಮಗುವಿಗೆ ಇರೋ ಕೆಲಸ ನೋಡೋದು ಮಾತ್ರ.

ಈ ವಯಸ್ಸಿನ ಮಕ್ಕಳು ಹೊಸ ಹೆಜ್ಜೆಯನ್ನು ನೋಡ್ತಾ ನೋಡ್ತಾ ಮಾಡಲ್ಲ. ಮೊದಲು ನೋಡ್ತಾರೆ, ಆಮೇಲೆ ಮಾಡ್ತಾರೆ. ಅದಕ್ಕೆ ಒಂದು ಸುತ್ತು ಗೊಂಬೆ ಮಾಡಲಿ, ಮುಂದಿನ ಸುತ್ತು ಗೊಂಬೆ ಮಕ್ಕಳ ಕಡೆ ತಿರುಗಿ, ಮೊಣಕಾಲು ಮಾತ್ರ ಮೆಲ್ಲಗೆ ಬಗ್ಗಿಸುತ್ತಾ ಕಾಯಲಿ. ‘ಈಗ ನೀನು’ ಅಂತ ಬಾಯಲ್ಲಿ ಹೇಳೋದೇ ಬೇಡ, ಅಂಗೈ ಮುಂದೆ ಚಾಚಿದರೆ ಸಾಕು. ಗಮನಿಸಿದ್ರಾ, ಅಲ್ಲೇ ನಿಮ್ಮ ಪಾಠ ಆಗಿಹೋಯ್ತು. ಗೊಂಬೆ ಮಗುವಿನ ಸರದಿಗೆ ಕಾಯ್ತಿದೆ, ಮಗು ಗೊಂಬೆಯ ಸರದಿಗೆ ಕಾಯ್ತಿದೆ. ಕೋಲಾಟವೇ ಸರದಿಯ ಆಟ, ಎದುರಿನವನ ಕೋಲು ಬಾರದೆ ನನ್ನ ಕೋಲಿಗೆ ಸದ್ದಿಲ್ಲ. ಇಷ್ಟು ಒಳ್ಳೆಯ ಆಟ ಆರಿಸಿಕೊಂಡು ಮೇಲೆ ಅಜ್ಜನ ಭಾಷಣ ಯಾಕೆ? ಅಜ್ಜನನ್ನು ದುಡಿ ಹಿಡಿಸಿ ಕೂರಿಸಿ. ಮಾತು ಬೇಡ.

ಒಂದು ಹೆಜ್ಜೆ ಕನಿಷ್ಠ ನಾಲ್ಕು ಸಲ ಬರಬೇಕು. ಕುಣಿಯುವಾಗ ಗೊಂಬೆಯ ಪಾದದಿಂದ ತಲೆವರೆಗೆ ಪೂರ್ತಿ ಕಾಣಬೇಕು, ಪಾದದ ಕೆಳಗೂ ಚೂರು ನೆಲ ಇರಲಿ. ಮುಖದ ಕ್ಲೋಸಪ್‌ಗೆ ಹಾರಿದ ಕ್ಷಣ ಮಕ್ಕಳ ಕಾಲು ನಿಂತುಬಿಡುತ್ತೆ. ಗೊಂಬೆ ಕನ್ನಡಿಯಂತೆ ಮಾಡಲಿ: ಮಗುವಿನ ಬಲಕ್ಕೆ ಯಾವ ಕೈ ಕಾಣುತ್ತೋ ಅದೇ ಮಗುವಿನ ಬಲಗೈಗೆ ಜೋಡಿ. ‘ಬಲಗೈ’, ‘ಎಡಗೈ’ ಅನ್ನೋ ಪದಗಳನ್ನೇ ಹಾಡಿನಿಂದ ತೆಗೀರಿ.

ಹೆಜ್ಜೆಗಳನ್ನು ಅಳೆದು ಆರಿಸಿ. ತಟ್ಟೋದು, ಬಗ್ಗೋದು, ಎರಡೂ ಕಾಲಲ್ಲಿ ಜಿಗಿಯೋದು, ನೆಲ ಗುದ್ದೋದು, ನಿಧಾನಕ್ಕೆ ಒಂದು ಸುತ್ತು ತಿರುಗೋದು ನಾಲ್ಕು ವರ್ಷಕ್ಕೆ ಬರುತ್ತೆ. ಒಂಟಿ ಕಾಲಲ್ಲಿ ಕುಂಟೋದು ಎರಡು ಮೂರು ಸಲ ಅಷ್ಟೆ. ಕಾಲು ಬದಲಾಯಿಸುತ್ತಾ ಕುಪ್ಪಳಿಸಿ ಓಡೋದು ಐದಾರು ವರ್ಷದ್ದು. ಬಲಗೈಯಿಂದ ಎಡ ಮೊಣಕಾಲು ಮುಟ್ಟೋದು ಸಣ್ಣವರಿಗೆ ಕಷ್ಟ, ಬಿಡಿ. ಪರಿಯಕಳಿಯ ಚಿತ್ರ ಮಾತ್ರ ಹಿನ್ನೆಲೆಯಲ್ಲೂ ಬರಬಾರದು. ಬೆತ್ತದಲ್ಲಿ ಕಾಲಿಗೆ ಹೊಡೆಯೋ ಆಟ ಅದು, ನೋಡಿದ ಸಂಜೆಯೇ ಅನುಕರಣೆ ಶುರುವಾಗುತ್ತೆ. ಮಕ್ಕಳ ಕೈಗೆ ಮರದ ಕೋಲೂ ಬೇಡ. ನಾಲ್ಕು ಹಾಳೆ ನ್ಯೂಸ್‌ಪೇಪರ್ ಬಿಗಿಯಾಗಿ ಸುತ್ತಿ, 30 ಸೆಂಟಿಮೀಟರಿಗೆ ಕತ್ತರಿಸಿ, ಎರಡೂ ತುದಿಗೆ ಟೇಪ್. ಸದ್ದು ಮೆತ್ತಗೆ, ತಾಗಿದರೂ ನೋವಿಲ್ಲ.

ತಪ್ಪನ್ನೇ ಅನುಕರಿಸುತ್ತಾರೆ ಅಂದ್ರಲ್ಲ, ನಿಮ್ಮ ತಪ್ಪಿನ ದೃಶ್ಯ ತಮಾಷೆಯಾಗಿದೆ ಅಂತ ಅರ್ಥ. ಬೀಸಿದ ಕೋಲು ಗಾಳಿಗೆ ಹೋದಾಗ ‘ಠುಯ್’ ಅಂತ ಸದ್ದು ಹಾಕಿರ್ತೀರಿ. ಮಗುವಿಗೆ ಇಡೀ ವಿಡಿಯೊದಲ್ಲಿ ರುಚಿಯಾದ ತುತ್ತು ಅದೇ. ತಪ್ಪಿಗೆ ಸದ್ದೇ ಇರಬಾರದು. ದುಡಿಯೂ ನಿಂತುಬಿಡಲಿ. ಸರಿಯಾಗಿ ಕಾದು ಹೊಡೆದಾಗ ಮಾತ್ರ ‘ಟಕ್’, ಆ ಟಕ್ ಎಷ್ಟು ಚೆಂದ ಇರಬೇಕು ಅಂದ್ರೆ ಅದಕ್ಕೋಸ್ಕರವೇ ಕಾಯಬೇಕು ಅನ್ನಿಸಬೇಕು.

ಇದು ನನ್ನ ಮನಸ್ಸಿಗೆ ತೋಚಿದ್ದಷ್ಟೇ ಅಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಕಥೆ ಹೇಳಿ, ಆಮೇಲೆ ನಿಜ ಹೇಳ್ತಾರಾ ಅಂತ ನೋಡಿದ್ರು. ಸುಳ್ಳಿಗೆ ಶಿಕ್ಷೆಯಾಗೋ ಕಥೆಗಳು, ತೋಳ ಬಂತು ತೋಳ ಕಥೆಯೂ ಸೇರಿ, ಪರಿಣಾಮ ಮಾಡಲಿಲ್ಲ. ನಿಜ ಹೇಳಿದವನನ್ನು ಮೆಚ್ಚಿಕೊಂಡ ಕಥೆ ಕೇಳಿದ ಮಕ್ಕಳು ಹೆಚ್ಚು ನಿಜ ಹೇಳಿದ್ರು. 2017ರಲ್ಲಿ ಅಲ್ಲಿಂದಲೇ ಇನ್ನೊಂದು: ಹಂಚಿಕೊಳ್ಳೋ ಕಥೆಯಲ್ಲಿ ಮನುಷ್ಯರ ಚಿತ್ರ ಇದ್ದ ಪುಸ್ತಕ ಕೇಳಿದ 4ರಿಂದ 6 ವರ್ಷದವರು ತಮ್ಮ ಸ್ಟಿಕರ್ ಹೆಚ್ಚು ಹಂಚಿಕೊಂಡ್ರು, ಬಟ್ಟೆ ತೊಟ್ಟ ಪ್ರಾಣಿಗಳ ಪುಸ್ತಕ ಕೇಳಿದವರು ಹಾಗೆ ಮಾಡಲಿಲ್ಲ. ಅದು ಪುಸ್ತಕದ ಪ್ರಯೋಗ, ಕುಣಿತದ್ದಲ್ಲ. ಆದ್ರೂ ಬೊಳ್ಳುವನ್ನು ಅಳಿಲು ಮಾಡೋ ಆಸೆ ಯಾರಿಗಾದ್ರೂ ಬಂದ್ರೆ ತಡೆಯಿರಿ.

ಭಾಷೆ ಇನ್ನೊಂದು. ಇಲ್ಲಿನ ಒಂದೇ ಅಂಗನವಾಡಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವರ ಮಾತು, ಕನ್ನಡ ಎಲ್ಲ ಕೇಳುತ್ತೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರೋ ಮಗುವಿಗೆ ನಿಮ್ಮ ಕನ್ನಡ ಹಾಡಿನ ಅರ್ಧ ಅರ್ಥ ಆಗದೇ ಇರಬಹುದು. ವಿಡಿಯೊವನ್ನು ಪೂರ್ತಿ ಮ್ಯೂಟ್ ಮಾಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಏನಾಯ್ತು ಅಂತ ಅವರು ಹೇಳಬಲ್ಲರಾದ್ರೆ ಪಾಸ್.

ತೋರಿಸುವಾಗ ಎರಡು ಸಲ ಸಾಕು. ಮೂರನೇ ಸಲ ಟಿವಿ ಆಫ್ ಮಾಡಿ ಬರೀ ದುಡಿಯ ಸದ್ದಿಗೆ ಕುಣಿಸಿ.

ಗದ್ದೆಬದಿ:

ಠುಯ್ ಸದ್ದು ಇರುವುದು ನಿಜ, ತೆಗೆಯುತ್ತೇವೆ. ಅಜ್ಜನ ಭಾಷಣವೂ ಹೋಯಿತು. ಮೂರು ಸಂಶಯ ಉಳಿದಿದೆ. 120ರಲ್ಲಿ ಪೆಟ್ಟಿಗೆ ಆರೇ ಫ್ರೇಮ್ ಸಿಗುವಾಗ ಕೋಲು ಬೀಸುವುದು ಕಣ್ಣಿಗೆ ಹಿಡಿಯುತ್ತದೆಯೇ? ಎರಡು ನಿಮಿಷಕ್ಕೆ 1,440 ಫ್ರೇಮ್ ಪೂರ್ತಿ ಕೈಯಲ್ಲೇ ತೆಗೆಯಬೇಕೇ? ಅಜ್ಜನಿಗೆ ಬಿಳಿ ಕುಪ್ಯ, ಅಜ್ಜಿಗೆ ಕೊಡವ ಸೀರೆ ಎಂದುಕೊಂಡಿದ್ದೇವೆ, ಸರಿಯೇ?

ನೂಲು_ಕತ್ತರಿ:

ಉಡುಪಿನದ್ದು ನಾನು ಹೇಳುತ್ತೇನೆ. ಬಿಳಿ ಕುಪ್ಯ ಮದುಮಗನದ್ದು. ಅಜ್ಜನಿಗೆ ಕಪ್ಪು ಕುಪ್ಯ, ಮೊಣಕೈವರೆಗಿನ ತೋಳು, ಒಳಗಿನ ಬಿಳಿ ಅಂಗಿಯ ತೋಳು ಅದರ ಕೆಳಗೆ ಕಾಣಬೇಕು. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ. ಮುಂದೆ ಪೀಚೆಕತ್ತಿ ಇರುವುದು ಕ್ರಮ, ಆದರೆ ಅಜ್ಜ ದುಡಿ ಹಿಡಿದು ಕೂತಿದ್ದರೆ ದುಡಿಯೇ ಅದನ್ನು ಮುಚ್ಚುತ್ತದೆ, ಹಾಗೇ ಬಿಡಿ. ಮಕ್ಕಳ ಗೊಂಬೆಗೆ ಕತ್ತಿ ಬೇಡವೇ ಬೇಡ.

ಅಜ್ಜಿಯ ಸೀರೆಯಲ್ಲಿ ಒಂದು ಲಾಭ, ಒಂದು ಅಪಾಯ. ಕೊಡವ ಸೀರೆಯ ನೆರಿಗೆ ಹಿಂದೆ ಇರುವುದರಿಂದ ಮುಂದಿನಿಂದ ಕಾಣುವ ಗೊಂಬೆಗೆ ಸೀರೆ ಒಂದೇ ತುಂಡು, ಗೆರೆಯೂ ಬೇಡ. ಗೊಂಬೆ ತಿರುಗಿ ಬೆನ್ನು ತೋರಿಸುವಾಗ ಮಾತ್ರ ನೆರಿಗೆಯ ಬೇರೆ ತುಂಡು ಬದಲಿಸಬೇಕು. ಮುಂದೆ ನೆರಿಗೆ ಬರೆದರೆ ಕೊಡಗಿನ ಮಗುವಿನ ತಾಯಿ ಮೊದಲ ಸೆಕೆಂಡಿನಲ್ಲೇ ಕಂಡುಹಿಡಿಯುತ್ತಾರೆ. ಅಪಾಯ ಏನೆಂದರೆ ಸೆರಗು ಬಲ ಹೆಗಲ ಮೇಲೆ ಪಿನ್ ಆಗಿರುತ್ತದೆ. ಕೆಲಸ ಉಳಿಸಲು ಚಿತ್ರವನ್ನು ಎಡಬಲ ಮಗುಚಿದರೆ ಪಿನ್ ಎಡ ಹೆಗಲಿಗೆ ಹೋಗುತ್ತದೆ. ಮಗುಚುವ ಉಪಾಯವನ್ನು ಲಂಗ, ಚಡ್ಡಿ ಹಾಕಿದ ಮಕ್ಕಳ ಗೊಂಬೆಗಳಿಗೆ ಮಾತ್ರ ಬಳಸಿ.

ಮಂದ್‌ನ ಕೋಲಾಟ ಕ್ರಮದಲ್ಲಿ ಗಂಡಸರದ್ದು, ಹೆಂಗಸರದ್ದು ಕೈಯಲ್ಲಿ ತಾಳ ಹಿಡಿದು ಕುಣಿಯುವ ಉಮ್ಮತ್ತಾಟ್. ಬೊಳ್ಳು ಹುಡುಗಿಯೇ ಆಗಿರಲಿ, ಆದರೆ ಜಾಗ ಮನೆಯಂಗಳ ಮಾಡಿ. ಮಂದ್‌ನಲ್ಲಿ ನೋಡಿ ಬಂದದ್ದನ್ನು ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾರೆ ಎಂದರೆ ಯಾರಿಗೂ ತಕರಾರಿಲ್ಲ. ‘ಪೊಲಿ ಪೊಲಿ ದೇವಾ’ ಎಂಬ ಕೂಗನ್ನು ಕುಣಿತದ ಪಲ್ಲವಿಯಾಗಿ ಎಳೆಯಬೇಡಿ. ಅದು ಕದಿರು ಕೊಯ್ಯುವ ಹೊತ್ತಿನದು, ಅಲ್ಲೇ ಇರಲಿ.

ಹಿನ್ನೆಲೆಯಲ್ಲಿ ತಿಂಗಳು ತಪ್ಪದಿರಲಿ. ಪುತ್ತರಿ ನವೆಂಬರ್, ಡಿಸೆಂಬರಿನದು. ಗದ್ದೆ ಹಳದಿ ತಿರುಗಿರುತ್ತದೆ, ಕಾಫಿ ಗಿಡದಲ್ಲಿ ಹಣ್ಣು ಕೆಂಪಾಗುತ್ತಿರುತ್ತದೆ. ಚೆಂದಕ್ಕೆಂದು ಬಿಳಿ ಕಾಫಿ ಹೂ ಬರೆದವರಿದ್ದಾರೆ, ಅದು ಬೇಸಿಗೆಯ ಮೊದಲ ಮಳೆಗೆ ಅರಳುವುದು. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಹೆಂಚಿನ ಮನೆ, ಗದ್ದೆ, ಅಷ್ಟು ಸಾಕು. ಹಿನ್ನೆಲೆ ತುಂಬಿದಷ್ಟೂ ಕೋಲು ಕಾಣುವುದಿಲ್ಲ.

ಸುರುಳಿ ಸುತ್ತುವುದಕ್ಕೆ ಬರೀ ಮಳೆಯನ್ನು ದೂರಬೇಡಿ. ಕಾರ್ಡಿನ ಒಂದೇ ಮುಖಕ್ಕೆ ಬಣ್ಣ ಬಳಿದರೆ ಆ ಮುಖ ಒಂದು ರೀತಿ, ಇನ್ನೊಂದು ಮುಖ ಇನ್ನೊಂದು ರೀತಿ ತೇವ ಹೀರುತ್ತದೆ. 300 ಜಿಎಸ್‌ಎಂ ಕಾರ್ಡ್ ತೆಗೆದು ಹಿಂಬದಿಗೂ ಅದೇ ಬಣ್ಣದ ಒಂದು ಕೋಟ್ ಕೊಡಿ, ಇಲ್ಲವೇ ಹಿಂದೆ ಪ್ಲಾಸ್ಟಿಕ್ ಫೈಲಿನ ಹಾಳೆ ಅಂಟಿಸಿ. ಲ್ಯಾಮಿನೇಶನ್ ಮಾಡಿಸಿದರೆ ದೀಪ ಅದರಲ್ಲೇ ಹೊಳೆಯುತ್ತದೆ, ಮಾಡಿಸುವುದಾದರೆ ಮ್ಯಾಟ್. ರಾತ್ರಿ ಬಿಸ್ಕತ್ತಿನ ಡಬ್ಬದಲ್ಲಿ, ಭಾರದ ಪುಸ್ತಕದ ನಡುವೆ ಇಟ್ಟಂತೆ ಚಪ್ಪಟೆಯಾಗಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಒಲೆಯ ಮೇಲೆ ಒಣಗಿಸಲು ಹೋದರೆ ಮರಳಿ ಇನ್ನೊಂದು ಬದಿಗೆ ಬಾಗುತ್ತದೆ.

ಕೀಲುಗಳಿಗೆ ಹಿತ್ತಾಳೆ ಪಿನ್ನಿಗಿಂತ ದಪ್ಪ ಹೊಲಿಗೆ ನೂಲು ಒಳ್ಳೆಯದು. ಎರಡೂ ಬದಿ ಸಣ್ಣ ಕಾರ್ಡ್ ಬಿಲ್ಲೆ ಇಟ್ಟು ಗಂಟು ಹಾಕಿ. ಪಿನ್ನಾದರೆ ನೂರು ಸಲ ತಿರುಗಿಸುವಷ್ಟರಲ್ಲಿ ತೂತು ಅಗಲವಾಗಿ ಮೊಣಕೈ ಜೋಲುತ್ತದೆ.

ಫ್ರೇಮ್_ಹನ್ನೆರಡು:

ದುಡಿಪೆಟ್ಟು ಅವರ ಮಾತು ಒಪ್ಪಿದೆ, 120 ಇರಲಿ. ಎಣಿಕೆ ಎರಡು ಪೆಟ್ಟಿಗೆ ಒಂದಾದರೆ ನಿಮಗೆ ಒಂದು ಎಣಿಕೆಗೆ 12 ಫ್ರೇಮ್ ಸಿಕ್ಕಿತು, ಬೇಕಾದಷ್ಟಾಯಿತು.

ಎಂಟು ಪೆಟ್ಟಿನ ಒಂದು ಸುತ್ತು 48 ಫ್ರೇಮ್. ಎಣಿಕೆ ಬೀಳುವುದು 1, 13, 25, 37ನೇ ಫ್ರೇಮಿಗೆ. ಮೊಣಕಾಲು ಆ ಫ್ರೇಮುಗಳಲ್ಲಿ ತಗ್ಗಿರಲಿ, 7, 19, 31, 43ರಲ್ಲಿ ಎದ್ದಿರಲಿ. ಎರಡೂ ಕೋಲು 30ನೇ ಫ್ರೇಮಿನವರೆಗೆ ಎದೆಯ ಹತ್ತಿರ ಅಡ್ಡಡ್ಡ, ಅಲುಗಾಟವಿಲ್ಲ. ಕಾಯುವುದು ಕಣ್ಣಿಗೆ ಕಾಣುವುದು ಅಲ್ಲೇ: ಕಾಲು ಕುಣಿಯುತ್ತಿದೆ, ಕೈ ಕಾಯುತ್ತಿದೆ. 31ರಿಂದ 33, ಕೋಲು ಮೆಲ್ಲಗೆ ಹಿಂದಕ್ಕೆ. 34, 35 ಎರಡೇ ಫ್ರೇಮಿನಲ್ಲಿ ಮುಂದಕ್ಕೆ, ನೇರ ಗೆರೆಯಲ್ಲಲ್ಲ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ. 36ರಲ್ಲಿ ತಾಗಿತು, 37ರಲ್ಲಿ ಹಾಗೇ ನಿಂತಿದೆ, ಟಕ್ ಸದ್ದು ಇಲ್ಲಿ. 38, 39 ಚೂರು ಚಿಮ್ಮಿ ಹಿಂದೆ. ಬೀಸು ಕಣ್ಣಿಗೆ ಹಿಡಿಯುವುದು ಆ ಮೂರು ನಿಧಾನದ ಫ್ರೇಮುಗಳಿಂದ. ಅವುಗಳನ್ನು ಉಳಿಸಲು ಹೋಗಬೇಡಿ.

ಬೊಳ್ಳುವಿನ ತಪ್ಪಿನ ಸುತ್ತಿನಲ್ಲಿ ಅವಳ ಕೋಲು 24ಕ್ಕೇ ತಾಗುವ ಜಾಗಕ್ಕೆ ಬಂದು, ಅಲ್ಲಿ ನಿಲ್ಲದೆ ದಾಟಿ ಹೋಗಬೇಕು, ಮೈಯೂ ಹಿಂದೆ ವಾಲಬೇಕು. ಎದುರಿನ ಗೊಂಬೆ ಅಲುಗಬಾರದು. ಕೋಲು ಗಾಳಿಯಲ್ಲೇ ನಿಂತರೆ ಮಕ್ಕಳಿಗೆ ತಾಗಿದಂತೆ ಕಾಣುತ್ತದೆ.

ಎರಡು ನಿಮಿಷಕ್ಕೆ 30 ಸುತ್ತು. ಹೀಗೆ ಹಂಚಬಹುದು: 1, 2 ದುಡಿ ಮತ್ತು ಮಕ್ಕಳ ಪ್ರವೇಶ. 3ರಿಂದ 6 ತಟ್ಟುವುದು, ನೋಡು ಮಾಡು, ನೋಡು ಮಾಡು. 7 ಬೊಳ್ಳುವಿನ ಅವಸರ. 8 ಮೌನ, ಅರ್ಧ ಸುತ್ತು ದುಡಿಯೂ ಇಲ್ಲ. 9ರಲ್ಲಿ ಅವಳ ಕೈ ಮೂರನೇ ಎಣಿಕೆಗೆ ಹೊರಟು, ಅರ್ಧದಲ್ಲಿ ತಡೆದು, ಮರಳುತ್ತದೆ. ಇಡೀ ಕಥೆಯ ತಿರುವು ಈ ಸುತ್ತಿನಲ್ಲಿದೆ, ಕಣ್ಣುಗುಡ್ಡೆ ಎದುರಿನ ಗೊಂಬೆಯ ಕೋಲಿನ ಕಡೆ ಹೊರಳಲಿ. 10 ಮೊದಲ ಸರಿಯಾದ ಟಕ್. 11ರಿಂದ 26 ಅದೇ ಹೆಜ್ಜೆ, ನೋಡು ಮಾಡು. 27, 28ರಲ್ಲಿ ‘ಮೂರು’ ಎಂಬ ಮಾತನ್ನು ಹಾಡಿನಿಂದ ತೆಗೆದುಬಿಡಿ, ನೋಡುವ ಮಕ್ಕಳೇ ಕೂಗಿ ತುಂಬುತ್ತಾರೆ. 29, 30 ಮುಕ್ತಾಯ.

ಕೈಯಲ್ಲಿ ತೆಗೆಯಬೇಕಾದದ್ದು ತಟ್ಟು, ಬಗ್ಗಿ ಕಾಯುವುದು, ಸರಿಯಾದ ಹೊಡೆತ, ತಪ್ಪು, ಮೌನ, ತಡೆದ ಕೈ, ಇವು ಆರು ಸುತ್ತು, ಜೊತೆಗೆ ಆರಂಭ ಮುಕ್ತಾಯದ ನಾಲ್ಕು. ಹತ್ತು ಸುತ್ತು, 480 ಫ್ರೇಮ್. ಉಳಿದ 960 ನಕಲು. ಒಬ್ಬರು ಗೊಂಬೆ ಸರಿಸಿ ಒಬ್ಬರು ಕ್ಲಿಕ್ ಮಾಡಿದರೆ ಗಂಟೆಗೆ 60ರಿಂದ 80 ಆಗುತ್ತದೆ, ಒಂದು ದಿನದ ಕೆಲಸ. ಒಂದು ಷರತ್ತು: ನಕಲಾಗುವ ಪ್ರತಿ ಸುತ್ತಿನ 48ನೇ ಫ್ರೇಮಿನಿಂದ 1ನೇ ಫ್ರೇಮಿಗೆ ಜಿಗಿತ ಕಾಣಬಾರದು. 1ನೇ ಫ್ರೇಮಿನ ಭಂಗಿಯನ್ನು ಹಿನ್ನೆಲೆಯ ಮೇಲೆ ಪೆನ್ಸಿಲ್ಲಿನಲ್ಲಿ ಹಗುರವಾಗಿ ಗುರುತಿಸಿಟ್ಟುಕೊಂಡು ಕೊನೆಗೆ ಅಲ್ಲಿಗೇ ಮರಳಿ.

ಟಕ್ ಬಿದ್ದಾಗ ಪರದೆ ಬಿಳಿ ಕೆಂಪು ಮಿಂಚಿಸುವ ಆಸೆ ಬರುತ್ತದೆ, ಬೇಡ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಒಂದು ಕಾರ್ಟೂನಿನ ಕೆಂಪು ನೀಲಿ ಮಿಣುಕು ನೋಡಿ 600ಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದ್ದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಇರಬಾರದು ಎಂಬುದು ಈಗಿನ ನಿಯಮ. 12 ಫ್ರೇಮಿನಲ್ಲಿ ಒಂದು ಬಿಟ್ಟು ಒಂದು ಬಣ್ಣ ಬದಲಿಸಿದರೆ ನಿಮ್ಮದು ಆರಾಯಿತು. ಕೋಲು ತಾಗಿದ ಜಾಗದಲ್ಲಿ ಮೂರು ಸಣ್ಣ ಗೆರೆ, ಎರಡು ಫ್ರೇಮ್, ಸಾಕು.

ದುಡಿಪೆಟ್ಟು:

ಒಂದು ಬಿಟ್ಟುಹೋಯಿತು. ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ್ದನ್ನು ಅಂಗನವಾಡಿಯಲ್ಲಿ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿದರೆ ಸದ್ದು ಒಂದೆರಡು ಫ್ರೇಮ್ ತಡವಾಗಿ ಬರಬಹುದು, ಮೊಬೈಲಿನಿಂದ ಟಿವಿಗೆ ವೈರ್ ಇಲ್ಲದೆ ಕಳಿಸಿದರೆ ಇನ್ನೂ ಜಾಸ್ತಿ. ಆಮೇಲೆ ತಪ್ಪು ಹುಡುಕುತ್ತಾ ಮತ್ತೆ ಫ್ರೇಮ್ ಕತ್ತರಿಸಲು ಕೂರಬೇಡಿ. ಪೆನ್‌ಡ್ರೈವಿಗೆ ಹಾಕಿ ಟಿವಿಗೇ ಚುಚ್ಚಿ, ಟಿವಿಯ ಸ್ಪೀಕರಿನಲ್ಲೇ ಕೇಳಿಸಿ. ಸದ್ದು ಸಾಲದಿದ್ದರೆ ಜ್ಯಾಕ್ ವೈರ್ ಇರುವ ಸ್ಪೀಕರ್. ನೆಟ್‌ವರ್ಕ್ ನಂಬಿಕೊಂಡು ಲಿಂಕ್ ಮಾತ್ರ ಕಳಿಸುವುದಂತೂ ಬೇಡ, ಜೂನ್ ದಾಟಿದರೆ ಅರ್ಧ ಊರುಗಳಲ್ಲಿ ಸಿಗ್ನಲ್ಲೂ ಇಲ್ಲ, ಕರೆಂಟೂ ಇಲ್ಲ.